ಮೂರನೆಯ ಪ್ರಶ್ನೆಗೆ ಉತ್ತರ

ಜನವರಿ 11

ಗೂಬೆಗೆ,

ಎರಡು ಗಂಟೆ ಹತ್ತು ನಿಮಿಷ. ಇವತ್ತು ಎಬ್ಬಿಸಿದ್ದು ಗುಂಡನ ಅಳು ಅಲ್ಲ, ಕೆಳಗೆ ಪೇಪರ್ ವ್ಯಾನಿನ ಬಾಗಿಲು ಧಡಾರೆಂದು ಹಾಕಿಕೊಂಡ ಸದ್ದು. ನಿನ್ನ ಭಾವನನ್ನು ಕರೆದೊಯ್ಯಲು ಬಂದಿದೆ. ಪತ್ರಿಕೆಯ ವಿತರಣೆಯವರನ್ನು ಮದುವೆಯಾದರೆ ಊರೆಲ್ಲ ಮಲಗಿದಾಗ ಟೀ ಕಾಸಬೇಕು ಎಂದು ಯಾರೂ ನನಗೆ ಮೊದಲೇ ಹೇಳಲಿಲ್ಲ. ಎರಡೂವರೆಗೆ ಅವರು ಹೊರಡುವಷ್ಟರಲ್ಲಿ ಇದನ್ನು ಮುಗಿಸಬೇಕು.

ಫೋನಿನಲ್ಲಿ ನೀನು 'ಹ್ಞೂಂ' ಬಿಟ್ಟು ಬೇರೇನೂ ಹೇಳುವವನಲ್ಲ. ಎಡಿಟಿಂಗ್ ರೂಮು ಸೇರಿದರೆ ಅದೂ ಇಲ್ಲ, ಫೋನನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರಂತೆ. ಅದಕ್ಕೇ ನಮ್ಮ ಈ ಹಳೇ ದಾರಿ: ಪೇಪರಿನ ಮೊದಲ ಕಟ್ಟಿನ ಮೇಲೆ ನನ್ನ ಪತ್ರ, ನಾಲ್ಕೂವರೆಗೆ ನಿಮ್ಮ ಹಾಸ್ಟೆಲಿನ ಗೇಟು. ನಿನ್ನ ಉತ್ತರ ಖಾಲಿ ಚೀಲಗಳ ಜೊತೆ ವಾಪಸು ಬರುತ್ತದೆ, ಬಂದರೆ.

ನಿನ್ನ ಮನವಿ ಪರಿಶೀಲಿಸಿದ್ದೇನೆ. ಥ್ರಿಲ್ಲರ್ ಚಿತ್ರದ ಮೊದಲ ಎರಡು ನಿಮಿಷ ಮಾತ್ರ ತೆಗೆಯಿರಿ ಎಂದು ನಿಮ್ಮ ಮೇಷ್ಟ್ರು ಹೇಳಿದ್ದು ಒಳ್ಳೆಯದೇ ಆಯಿತು, ಮೂರನೇ ನಿಮಿಷದಲ್ಲಿ ನೀನು ಯಾರನ್ನು ಕೊಲ್ಲುತ್ತಿದ್ದೆಯೋ. ಭಾನುವಾರ ನಮ್ಮ ಮನೆಯಲ್ಲೇ ಚಿತ್ರೀಕರಣ ಮಾಡಿಕೊಳ್ಳಿ. ಷರತ್ತು ಎರಡು. ತೊಟ್ಟಿಲ ಹತ್ತಿರ ಚಾಕು, ಕತ್ತರಿ ಬರಕೂಡದು. ಗುಂಡ ಮಲಗುವ ಹೊತ್ತಿಗೆ ನಿಮ್ಮ ದೀಪಗಳು ಆರಬೇಕು.

ಆಯಮ್ಮನೂ ಅವತ್ತು ಬರುತ್ತಾರೆ. ನಾನು ಕನ್ನಡಕದ ಅಂಗಡಿಗೆ ಮತ್ತೆ ಹೋಗಲು ಶುರುಮಾಡಿ ತಿಂಗಳಾಯಿತು. ಮೊದಲ ವಾರ ದಿನಕ್ಕೆ ಆರು ಸಲ ಫೋನ್ ಮಾಡುತ್ತಿದ್ದೆ. ಏಳನೇ ಸಲ ಅವರೇ, "ನೀವು ಅಲ್ಲಿ ಜನರ ಕಣ್ಣು ನೋಡಿ ತಾಯಿ, ಇವನನ್ನು ನೋಡೋಕೆ ನಾನಿದೀನಿ" ಎಂದರು. ನನಗೆ ಸಿಟ್ಟು ಬಂತು, ಸಮಾಧಾನವೂ ಆಯಿತು. ರಾತ್ರಿ ಮಾತ್ರ ನಿದ್ದೆಯಿಲ್ಲ. ಗುಂಡನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ನಗಬೇಡ.

ಭಾವ ಶೂ ಹಾಕುತ್ತಿದ್ದಾರೆ.

ನಿನ್ನ,
ಅಕ್ಕ


ಜನವರಿ 23

ಅಕ್ಕ,

ಮನೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಬಿಳಿ ಬೆಡ್‌ಶೀಟ್ ಹಿಡಿದು ಮೆಟ್ಟಿಲ ಮೇಲೆ ಒಂದು ಗಂಟೆ ನಿಂತಿದ್ದಕ್ಕೆ ಇನ್ನೊಂದು ಥ್ಯಾಂಕ್ಸ್. ಬೆಳಕು ಚೆನ್ನಾಗಿ ಬಂದಿದೆ. ಆದರೆ ಗುಂಡ ಪ್ರತಿ ಸಲವೂ ನಿನ್ನ ಕಡೆ ನೋಡಿ ನಕ್ಕಿದ್ದಾನೆ. ಅಪಹರಣವಾಗುವ ಮಗು ಹಾಗೆ ಹಲ್ಲು ಕಿಸಿಯುತ್ತದೆಯೇ? ಅದನ್ನೆಲ್ಲ ಕತ್ತರಿಸಬೇಕು. ನಿನ್ನ ದನಿಯೂ ಬಂದಿದೆ: "ಆಯಮ್ಮ, ನಿಧಾನ, ಕೊನೇ ಮೆಟ್ಟಿಲು ಎತ್ತರ ಇದೆ." ಅದೂ ಕತ್ತರಿಗೆ.

ಮಗು ಕದಿಯುವ ಕಳ್ಳಿಯ ಪಾತ್ರದ ಹುಡುಗಿಗೆ ಜ್ವರ ಬಂದದ್ದು ನಮ್ಮ ಪುಣ್ಯ. ಆಯಮ್ಮ ಅವಳಿಗಿಂತ ನೂರು ಪಾಲು ವಾಸಿ. ದಿನಾ ಮಾಡುವುದನ್ನೇ ಮಾಡಿ ಎಂದೆ, ಮಾಡಿದರು. ಆ ಕೈಗಳು ಇವೆಯಲ್ಲ, ಒಡೆದ ಬೆರಳು, ಹೆಬ್ಬೆರಳ ಹತ್ತಿರ ಸುಟ್ಟ ಕಲೆ, ಮೇಕಪ್ಪಿನಲ್ಲಿ ಅಂಥದ್ದು ತರಿಸಲು ಆಗುವುದಿಲ್ಲ. ಕ್ಯಾಮೆರಾದವನು ನೋಡಿಯೇ ಹೆದರಿದ.

ಇನ್ನೊಂದು ಉಪಕಾರ. ಚಿತ್ರದ ಜೊತೆ ನಾಲ್ಕು ಪ್ರಶ್ನೆಗೆ ಉತ್ತರ ಬರೆದು ಕೊಡಬೇಕು. ಒಂದು, ಎರಡು, ನಾಲ್ಕು ನಾನೇ ನೋಡಿಕೊಳ್ಳುತ್ತೇನೆ. ಮೂರನೆಯದು: 'ನಿಮ್ಮ ಚಿತ್ರ ವಿವಿಧ ಸಾಮಾಜಿಕ ಗುಂಪುಗಳನ್ನು ಹೇಗೆ ಪ್ರತಿನಿಧಿಸುತ್ತದೆ?' ಇದು ನಿನ್ನ ಭಾಷೆ. ಕಾಲೇಜಿನಲ್ಲಿ ಪ್ರಬಂಧದ ಬಹುಮಾನ ಹೊಡೆದವಳು ಯಾರು?

ಎರಡು ಪುಟ ಸಾಕು.

ಗೂಬೆ


ಫೆಬ್ರವರಿ 16
ಅಂಗಡಿ, ಮಧ್ಯಾಹ್ನ

ಗೂಬೆಗೆ,

ಗಿರಾಕಿ ಇಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ. ನೀನು ಕಳಿಸಿದ ಎರಡು ನಿಮಿಷವನ್ನು ನಾಲ್ಕು ಸಲ ನೋಡಿದೆ. ಚೆನ್ನಾಗಿದೆ. ಸುಳ್ಳಲ್ಲ, ನಿಜವಾಗಿ ಚೆನ್ನಾಗಿದೆ. ಮನೆಯ ಮೂಲೆಗೆ ಕಾವಲು ಕ್ಯಾಮೆರಾ ಇಟ್ಟಂತೆ ಮೇಲಿನಿಂದ ಕಾಣಿಸಿದ್ದು, ಬಣ್ಣ ತೆಗೆದದ್ದು, ಕೆಳಗಡೆ ತಾರೀಕು, ವಾರ, ಗಂಟೆ ಓಡುತ್ತಿರುವುದು. ಭಾನುವಾರ ತೆಗೆದದ್ದಕ್ಕೆ 'ಮಂಗಳವಾರ 11:42' ಎಂದು ಯಾಕೆ ಹಾಕಿದೆ? ತಾಯಿ ಮನೆಯಲ್ಲಿ ಇಲ್ಲದ ಹೊತ್ತು ಬೇಕಿತ್ತು, ಅದಕ್ಕೆ ಅಲ್ಲವೇ? ನನ್ನ ಡ್ಯೂಟಿ ನಿನಗೆ ಬಾಯಿಪಾಠ.

ಆ ಅಳು ಗುಂಡನದೇ ಎಂದು ಗೊತ್ತಾಯಿತು. ಅವತ್ತು ಅವನು ಅಳಲೇ ಇಲ್ಲ. ಅದು ಇಂಜೆಕ್ಷನ್ ಹಾಕಿಸಿದ ದಿನ ನಾನೇ ನಿನಗೆ ಕಳಿಸಿದ್ದ ವೀಡಿಯೋದ ಅಳು.

ಚಿತ್ರೀಕರಣದ ದಿನ ಆಯಮ್ಮ ನಿನ್ನನ್ನು ಎರಡು ಮಾತು ಕೇಳಿದ್ದರು, ನೆನಪಿದೆಯೇ? "ಹಿಂಬದಿ ಮೆಟ್ಟಿಲು ಯಾಕಪ್ಪ, ನಾನು ದಿನಾ ಲಿಫ್ಟಲ್ಲೇ ಹೋಗೋದು" ಎಂದರು. ಲಿಫ್ಟಿನಲ್ಲಿ ಬೆಳಕು ಸಾಲದು ಎಂದೆ. ಆಮೇಲೆ ತಲೆ ಮುಚ್ಚುವಂತೆ ಶಾಲು ಹೊದ್ದುಕೊಳ್ಳಿ ಎಂದಾಗ, "ನಂಗೇನು ಚಳೀನಾ?" ಎಂದು ನಕ್ಕರು. ಹೊದ್ದುಕೊಂಡರು. ನಾನು ಬೆಡ್‌ಶೀಟ್ ಹಿಡಿದು ನಿಂತು ನಗುತ್ತಲೇ ಇದ್ದೆ. ದಿನಾ ಮಾಡುವುದು ಅಂದರೆ ಲಿಫ್ಟು, ಬರಿ ತಲೆ. ಇದು ದಿನಾ ಮಾಡುವುದಲ್ಲ.

ಉತ್ತರ ಬರೆಯಲು ಅನುಕೂಲವಾಗಲಿ ಎಂದು ನಿನ್ನ ತರಗತಿಯವರ ಉಳಿದ ಐದು ಚಿತ್ರಗಳನ್ನೂ ನೋಡಿದೆ. ಒಂದರಲ್ಲಿ ಕೊಲೆಗಾರ ಹಾಸ್ಟೆಲಿನ ವಾಚ್‌ಮನ್. ಇನ್ನೊಂದರಲ್ಲಿ ಲಿಫ್ಟು ರಿಪೇರಿಯವನು. ಆಮೇಲೆ ಪಾರ್ಸೆಲ್ ತರುವವನು, ಅಡುಗೆಯವನು, ಕೊನೆಯದರಲ್ಲಿ ಕೂದಲು ಕೆದರಿಕೊಂಡ ಹುಚ್ಚಿ. ಪತ್ತೆ ಹಚ್ಚುವವರು ಮಾತ್ರ ಆರಕ್ಕೆ ಆರರಲ್ಲೂ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳು. ತಾಯಂದಿರಿಗೆ ಒಬ್ಬರಿಗೂ ಉದ್ಯೋಗವಿಲ್ಲ, ಕಿರುಚುವುದೊಂದೇ ಕೆಲಸ. ಆರು ಚಿತ್ರಗಳಲ್ಲಿ ಒಬ್ಬ ಮೇಷ್ಟ್ರೂ ಯಾರಿಗೂ ಚೂರಿ ಹಾಕಿಲ್ಲ. ಅದೇಕೆಂದು ನನಗೆ ಗೊತ್ತು, ಮಾರ್ಕ್ಸ್ ಅವರ ಕೈಯಲ್ಲಿದೆ.

ಇದನ್ನೇ ಬರೆಯಬೇಕಿತ್ತು. ಬರೆಯಲಿಲ್ಲ. ಜೊತೆಗಿಟ್ಟಿರುವ ಎರಡು ಪುಟದಲ್ಲಿ, 'ದುಡಿಯುವ ವರ್ಗದ ಮಹಿಳೆಯ ಬಗ್ಗೆ ಸಮಾಜದಲ್ಲಿರುವ ಪೂರ್ವಗ್ರಹವನ್ನು ನಮ್ಮ ಚಿತ್ರ ಪ್ರಶ್ನಿಸುತ್ತದೆ' ಎಂದಿದೆ. ಎಲ್ಲಿ ಪ್ರಶ್ನಿಸುತ್ತದೆ ಎಂದು ಮೇಷ್ಟ್ರು ಕೇಳಿದರೆ ನೀನೇ ಹುಡುಕಿ ತೋರಿಸು. ನನಗಂತೂ ಸಿಗಲಿಲ್ಲ.

ಗಿರಾಕಿ ಬಂದರು.

ಅಕ್ಕ


ಮಾರ್ಚ್ 8

ಅಕ್ಕ,

ಮೂವತ್ತಕ್ಕೆ ಇಪ್ಪತ್ತೆಂಟು. ಮೂರನೆಯ ಉತ್ತರವನ್ನು ಮೇಷ್ಟ್ರು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. 'ಇಷ್ಟು ಸೂಕ್ಷ್ಮ ನಿನಗೆ ಎಲ್ಲಿಂದ ಬಂತೋ' ಎಂದರು. ಮನೆಯಿಂದ ಎಂದೆ. ಸುಳ್ಳು ಹೇಳಲಿಲ್ಲ ನೋಡು.

ಚಿತ್ರ ಅಂತರಕಾಲೇಜು ಸ್ಪರ್ಧೆಗೆ ಆಯ್ಕೆಯಾಗಿದೆ. ಏಪ್ರಿಲ್ 6ಕ್ಕೆ ಪ್ರದರ್ಶನ. ಅಲ್ಲಿಯವರೆಗೆ ಚಿತ್ರವನ್ನಾಗಲಿ, ಅದಕ್ಕಾಗಿ ತೆಗೆದ ಯಾವುದೇ ತುಣುಕನ್ನಾಗಲಿ ಹೊರಗೆ ತೋರಿಸಬಾರದು ಎಂಬ ನಿಯಮವಿದೆ. ನಮ್ಮ ಕ್ಯಾಮೆರಾದವನು ಮಂಗ, ಮೆಟ್ಟಿಲ ಮೇಲಿನ ಹದಿನೆಂಟು ಸೆಕೆಂಡನ್ನು ಅವನ ಮನೆಯವರ ಫೋನ್ ಗುಂಪಿಗೆ ಹಾಕಿಬಿಟ್ಟಿದ್ದಾನೆ. ಹೆಸರಿಲ್ಲ, ಏನಿಲ್ಲ. ಜನ ನಿಜವೆಂದೇ ನಂಬಿ ಒಬ್ಬರಿಗೊಬ್ಬರು ಕಳಿಸುತ್ತಿದ್ದಾರಂತೆ! ಯಾರು ಹಾಕಿದ್ದೆಂದು ಗೊತ್ತಾಗದಿದ್ದರೆ ತೊಂದರೆಯಿಲ್ಲ. ಆದರೂ ಅಕ್ಕ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಗುಂಡನಿಗೆ ಮುತ್ತು.

ಗೂಬೆ


ಮಾರ್ಚ್ 19

ತಮ್ಮನಿಗೆ,

ನಿನ್ನ ಸರ್ಟಿಫಿಕೇಟ್ ನಮ್ಮ ಕಟ್ಟಡಕ್ಕೂ ಬಂತು.

ನಿನ್ನೆ ಬೆಳಿಗ್ಗೆ ವಾಚ್‌ಮನ್ ಆಯಮ್ಮನನ್ನು ಗೇಟಿನಲ್ಲೇ ನಿಲ್ಲಿಸಿದ. ಅವನಿಗೂ ಇಷ್ಟವಿರಲಿಲ್ಲ, "ಸೆಕ್ರೆಟರಿ ಹೇಳಿದಾರಮ್ಮ, ನಾನೇನು ಮಾಡ್ಲಿ" ಎಂದು ನೆಲ ನೋಡುತ್ತಿದ್ದ. ಮೆಟ್ಟಿಲು ನಮ್ಮದೇ ಎಂದು ಆ ಎತ್ತರದ ಕೊನೇ ಮೆಟ್ಟಿಲ ಗುರುತಿನಿಂದ ಜನ ಪತ್ತೆ ಹಚ್ಚಿದ್ದಾರೆ. ಮುಖ ಕಾಣದಿದ್ದರೂ ಹೆಬ್ಬೆರಳ ಕಲೆ ಕಾಣುತ್ತದೆ. ಮೇಲಿನ ಮಹಡಿಯ ಟೀಚರ್ ಆಯಮ್ಮನ ಕೈಯನ್ನೇ ಹಿಡಿದು ತಿರುಗಿಸಿ ನೋಡಿದರು. ಅಂಗಡಿಯಲ್ಲಿ ಬಟ್ಟೆ ಹರಿದಿದೆಯೇ ಎಂದು ತಿರುಗಿಸಿ ನೋಡುತ್ತಾರಲ್ಲ, ಹಾಗೆ.

ನಾನು ಕೆಳಗೆ ಓಡಿದೆ. ಇದು ಸಿನಿಮಾ, ನನ್ನ ತಮ್ಮ ತೆಗೆದದ್ದು, ನಾನು ಅಲ್ಲೇ ಇದ್ದೆ ಎಂದೆ. ಸೆಕ್ರೆಟರಿ ಫೋನನ್ನು ಮುಖದ ಮುಂದೆ ಹಿಡಿದು, ಮಂಗಳವಾರ ಹನ್ನೊಂದೂ ನಲವತ್ತೆರಡಕ್ಕೆ ನೀವು ಮನೆಯಲ್ಲಿದ್ದಿರಾ ಎಂದು ಕೇಳಿದರು. ಇರಲಿಲ್ಲ, ಯಾವ ಮಂಗಳವಾರವೂ ಇರುವುದಿಲ್ಲ. ಅದು ಇಡೀ ಕಟ್ಟಡಕ್ಕೆ ಗೊತ್ತು. ಹಾಗಾದರೆ ಪೂರ್ತಿ ಸಿನಿಮಾ ತೋರಿಸಿ ಎಂದರು. ಮನೆಗೆ ಹೋಗಿ ಹುಡುಕಿದರೆ ನೀನು ಕಳಿಸಿದ್ದ ಕೊಂಡಿ ತೆರೆಯುವುದಿಲ್ಲ, ಸ್ಪರ್ಧೆಗೆಂದು ಮುಚ್ಚಿದ್ದೀಯ. "ಕೆಲಸಕ್ಕೆ ಹೋಗೋ ಹೆಂಗಸರಿಗೆ ಆಯಾ ಬಿಟ್ರೆ ಗತಿಯಿಲ್ಲ. ಅದಕ್ಕೇ ಮುಚ್ಚಿಹಾಕ್ತಾರೆ" ಎಂದು ಯಾರೋ ಹಿಂದಿನಿಂದ ಹೇಳಿದರು. ನಿಮ್ಮ ಆರು ಚಿತ್ರಗಳ ತಾಯಂದಿರ ಹಾಗೆ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ.

ನಿನ್ನ ಹತ್ತಿರ ಕತ್ತರಿಸದ ಚಿತ್ರವಿದೆ. ಅದರಲ್ಲಿ ಭಾನುವಾರದ ತಾರೀಕಿದೆ, ನನ್ನ ದನಿಯಿದೆ, ಗುಂಡ ನಗುತ್ತಿದ್ದಾನೆ. ಅದನ್ನು ಸೆಕ್ರೆಟರಿಗೆ ಕಳಿಸು. ಅಷ್ಟೇ ಸಾಕು. ಆಯಮ್ಮ ಇದೇ ಕಟ್ಟಡದಲ್ಲಿ ಇನ್ನೆರಡು ಮನೆಗೂ ಹೋಗುತ್ತಾರೆ, ಎರಡೂ ಕಡೆ 'ಸದ್ಯಕ್ಕೆ ಬೇಡ' ಎಂದಿದ್ದಾರೆ.

ಇನ್ನೊಂದು ವಿಷಯ. ನಿನ್ನ ಭಾವನಿಗೂ ಹೇಳಿಲ್ಲ. ಫೆಬ್ರವರಿಯಲ್ಲಿ ನಿನ್ನ ಚಿತ್ರವನ್ನು ನಾಲ್ಕು ಸಲ ನೋಡಿದೆ ಎಂದು ಬರೆದಿದ್ದೆನಲ್ಲ, ಐದನೆಯ ಸಲ ರಾತ್ರಿ ನೋಡಿದೆ. ತೆಗೆಯುವಾಗ ಅಲ್ಲೇ ನಿಂತಿದ್ದವಳು ನಾನು. ಆದರೂ ಆ ಕೈ ತೊಟ್ಟಿಲಿಗೆ ಇಳಿದಾಗ ಎದ್ದು ಹೋಗಿ ಗುಂಡನ ಉಸಿರು ನೋಡಿ ಬಂದೆ. ಮಾರನೇ ದಿನ ಆಯಮ್ಮ ಗುಂಡನಿಗೆ ಸ್ನಾನ ಮಾಡಿಸುತ್ತಿದ್ದಾಗ ಅವರ ಚೀಲ ತೆರೆದು ನೋಡಿದೆ. ಒಂದು ಟವೆಲ್ಲು, ಬಾಚಣಿಗೆ, ತಿಂಡಿಯ ಡಬ್ಬಿ. ಒಂದು ರಟ್ಟಿನ ತುಂಡಿನ ಮೇಲೆ ಗುಂಡನ ಔಷಧಿಯ ಹೊತ್ತು, ನನ್ನ ಅಂಗಡಿಯ ನಂಬರು. ನಾನು ಬರೆದುಕೊಟ್ಟ ಚೀಟಿಯ ಅಕ್ಷರ ಸಣ್ಣದಾಯಿತೆಂದು ಯಾರಿಂದಲೋ ದೊಡ್ಡದಾಗಿ ಬರೆಸಿಕೊಂಡಿದ್ದರು. ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳಿಗೆ ಅವರ ಕಣ್ಣು ನೋಡಬೇಕೆಂದು ಹೊಳೆದಿರಲಿಲ್ಲ.

ಎಲ್ಲವನ್ನೂ ವಾಪಸಿಟ್ಟೆ. ಡಬ್ಬಿ ಕೆಳಗೆ ಇರಬೇಕಿತ್ತು, ಮೇಲಿಟ್ಟಿರಬೇಕು. ಅವರಿಗೆ ಗೊತ್ತಾಯಿತು. ಅಂದಿನಿಂದ ದಿನಾ ಬಂದ ಕೂಡಲೇ ಚೀಲದ ಜಿಪ್ಪು ತೆಗೆದು, ಬಾಯಿ ಅಗಲಿಸಿ, ಊಟದ ಮೇಜಿನ ಮೇಲಿಡುತ್ತಾರೆ. ಸಂಜೆ ಹೋಗುವಾಗ ನನ್ನ ಮುಂದೆಯೇ ಜಿಪ್ಪು ಎಳೆಯುತ್ತಾರೆ. ಒಂದು ತಿಂಗಳಾಯಿತು. ಬೇಡ ಎನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಇಂದೇ ಕಳಿಸು.

ಅಕ್ಕ


ಮಾರ್ಚ್ 22

ಅಕ್ಕ,

ಕಷ್ಟ. ನಿಯಮ ಹೇಳಿದ್ದೆನಲ್ಲ. ಸೆಕ್ರೆಟರಿಗೆ ಕಳಿಸಿದರೆ ಅವರು ಇನ್ನೂರು ಜನಕ್ಕೆ ಕಳಿಸುತ್ತಾರೆ, ನಾವು ಸ್ಪರ್ಧೆಯಿಂದ ಹೊರಗೆ. ಇದು ನನ್ನೊಬ್ಬನದಲ್ಲ, ಇನ್ನೂ ಮೂವರ ವರ್ಷದ ದುಡಿಮೆ. ಮೊದಲ ಸ್ಥಾನ ಬಂದರೆ ಮುಂದಿನ ಓದಿಗೆ ನೇರ ಪ್ರವೇಶ. ಏಪ್ರಿಲ್ 6 ದಾಟಲಿ, ನಾನೇ ಬಂದು ಪರದೆ ಕಟ್ಟಿ ಎಲ್ಲರಿಗೂ ತೋರಿಸುತ್ತೇನೆ. ಎರಡು ವಾರ ತಾನೇ? ಆಯಮ್ಮ ಅರ್ಥ ಮಾಡಿಕೊಳ್ಳುತ್ತಾರೆ. ಸಿನಿಮಾ ಬೇರೆ, ಜೀವನ ಬೇರೆ ಎಂದು ತಿಳಿಯದ ಜನಕ್ಕೆ ನಾನು ಹೊಣೆಯೇ?

ಕೊನೆಯ ಎಡಿಟಿಂಗ್ ನಡೆದಿದೆ. ಫೋನ್ ಆಫ್ ಮಾಡಿರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಗೂಬೆ


ಏಪ್ರಿಲ್ 2

ತಮ್ಮಾ,

ಒಂದು ಗಂಟೆ ಐವತ್ತು. ಜಿಪ್ಪಿನ ಸದ್ದಿಗೆ ಎಚ್ಚರವಾಯಿತು.

ನಾಲ್ಕು ದಿನದಿಂದ ಆಯಮ್ಮ ನಮ್ಮ ಮನೆಯಲ್ಲೇ ಇದ್ದಾರೆ. ಅವರ ಬೀದಿಗೂ ಆ ಹದಿನೆಂಟು ಸೆಕೆಂಡು ಹೋಗಿದೆ. ಪಕ್ಕದ ಮನೆಯವರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರಂತೆ. ಅದನ್ನು ಹೇಳುವಾಗಲೂ ಅವರು ಅಳಲಿಲ್ಲ, "ಅವರ ಮಕ್ಕಳಿಗೆ ನಾನೇ ಎಣ್ಣೆ ಹಚ್ಚಿ ನೀರು ಹುಯ್ದದ್ದು" ಎಂದರು, ಅಷ್ಟೆ. ಭಾವ ಗುಂಡನನ್ನೂ ಎತ್ತಿಕೊಂಡು ಹೋಗಿ ಅವರನ್ನು ಕರೆತಂದರು. ಗೇಟಿನಲ್ಲಿ ವಾಚ್‌ಮನ್ ಎದುರಿಗೇ ಗುಂಡನನ್ನು ಅವರ ಕೈಗೆ ಕೊಟ್ಟು ಒಳಗೆ ಬಂದರು.

ಇವತ್ತು ಎಂಟು ಗಂಟೆಗೆ ಕಟ್ಟಡದವರ ಸಭೆ. ಹೇಳುವುದಿದ್ದರೆ ಬಂದು ಹೇಳಲಿ ಎಂದು ಅವರನ್ನೂ ಕರೆದಿದ್ದಾರೆ. ಇಲ್ಲವಾದರೆ ಅವರ ಫೋಟೋ ಸಮೇತ ಪೊಲೀಸರಿಗೆ ದೂರು, ಈ ರಸ್ತೆಯ ಎಲ್ಲ ಗೇಟುಗಳಿಗೂ ಅದೇ ಫೋಟೋ. ನಿನ್ನೆ ಸಂಜೆಯವರೆಗೂ ಆಯಮ್ಮ ಗಟ್ಟಿಯಾಗಿಯೇ ಇದ್ದರು. ನೀನು ಫೋನ್ ಮಾಡುತ್ತೀಯ ಎಂದು ನನಗೇ ಧೈರ್ಯ ಹೇಳಿದರು. "ಆ ಹುಡುಗ ನಂಗೆ ಕೈಮುಗಿದು ಹೋದ ಕಣಮ್ಮ, ಮಾಡ್ತಾನೆ" ಎಂದರು. ನೀನು ಕೈಮುಗಿದದ್ದು ನನಗೆ ನೆನಪಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ನಿನ್ನ ಮಾತು ಎತ್ತಲಿಲ್ಲ.

ಈಗ ಹಾಲ್‌ನಲ್ಲಿ ಕೂತು ಚೀಲ ತುಂಬುತ್ತಿದ್ದಾರೆ. ಎದ್ದು ಹೋಗಿ ಎಲ್ಲಿಗೆ ಎಂದೆ. ಐದೂ ಮುಕ್ಕಾಲಿನ ಮೊದಲ ಬಸ್ಸಿಗೆ ತಂಗಿಯ ಊರಿಗಂತೆ. ಸಭೆ ಎಂದೆ. "ನಾನು ಅಲ್ಲಿ ನಿಂತರೆ ನಿಮಗೆ ಅವಮಾನ ತಾಯಿ. ಹೋದ್ರೆ ಇಲ್ಲಿಗೇ ಮುಗಿಯುತ್ತೆ."

ಮುಗಿಯುವುದಿಲ್ಲ ಕಣೋ. ಬೆಳಗಿನ ಜಾವ, ತಲೆಗೆ ಶಾಲು, ಕೈಯಲ್ಲಿ ಚೀಲ, ಯಾರಿಗೂ ಹೇಳದೆ ಹೋದವರು. ಓಡಿಹೋದಳು ಎನ್ನುತ್ತಾರೆ, ಅದೇ ಸಾಕ್ಷಿ ಎನ್ನುತ್ತಾರೆ. ನಿನ್ನ ಎರಡು ನಿಮಿಷದ ಮುಂದಿನ ಭಾಗ ತಾನಾಗಿಯೇ ತಯಾರಾಗುತ್ತದೆ. ನಾನು ಕೈ ಹಿಡಿದು ಕೂರಿಸಿದೆ. ಕೂತರು, ಚೀಲ ಬಿಡಲಿಲ್ಲ. ಮೊದಲ ಸಲ ಅದರ ಬಾಯಿ ಮುಚ್ಚಿತ್ತು. ಆಗ ಹೇಳಿದೆ, ನಿಮ್ಮ ಚೀಲ ನೋಡಿದ್ದು ನಾನು, ತಪ್ಪಾಯಿತು ಎಂದು. "ಗೊತ್ತು. ಮಗು ಇರೋ ಮನೆ, ನೋಡ್ಕೋಬೇಕು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ಪ್ರಶ್ನೆಗೆ ನಾನು ಬರೆದುಕೊಟ್ಟದ್ದು ಸುಳ್ಳು, ಬರೆಯುವಾಗಲೇ ಗೊತ್ತಿತ್ತು. ನಿನಗೆ ಬಂದ ಇಪ್ಪತ್ತೆಂಟರಲ್ಲಿ ನನ್ನ ಪಾಲೂ ಇದೆ. ಈ ಪತ್ರದ ಜೊತೆ ನಿಮ್ಮ ಮೇಷ್ಟ್ರಿಗೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ಅದರಲ್ಲಿರುವುದು ಇಷ್ಟೆ: 'ಈ ಚಿತ್ರದ ಮಹಿಳೆ ದಿನಾ ಲಿಫ್ಟಿನಲ್ಲಿ, ತಲೆ ಮುಚ್ಚದೆ, ಮಗುವಿನ ಜೊತೆ ಮಾತಾಡುತ್ತ ಕೆಳಗೆ ಹೋಗುತ್ತಾರೆ. ಹಾಗೆ ತೋರಿಸಿದರೆ ಯಾರೂ ಹೆದರುವುದಿಲ್ಲ ಎಂದು ನಾವು ಹಿಂಬದಿ ಮೆಟ್ಟಿಲು ಇಳಿಸಿ, ಶಾಲು ಹೊದಿಸಿ, ಬೇರೆ ದಿನದ ಅಳು ಸೇರಿಸಿದೆವು. ಉತ್ತರ ಬರೆದವಳು ವಿದ್ಯಾರ್ಥಿಯ ಅಕ್ಕ, ಮಗುವಿನ ತಾಯಿ.'

ನಿನ್ನ ಫೋನ್ ಹನ್ನೊಂದು ದಿನದಿಂದ ಆಫ್ ಇದೆ. ಭಾವ ಇವತ್ತು ಗೇಟಿಗೆ ಪತ್ರ ಹಾಕಿ ಹೋಗುವುದಿಲ್ಲ. ಹೊರಗಿನವರನ್ನು ಒಳಗೆ ಬಿಡದಿದ್ದರೂ ನಿಮ್ಮ ವಾಚ್‌ಮನ್ ಮೂರು ಮಹಡಿ ಹತ್ತಿ ನಿನ್ನ ಬಾಗಿಲು ತಟ್ಟುತ್ತಾರೆ, ಭಾವ ನಿನ್ನೆಯೇ ಅವರನ್ನು ಒಪ್ಪಿಸಿದ್ದಾರೆ. ನಿನ್ನ ಗೆಳೆಯನ ಚಿತ್ರದಲ್ಲಿ ನಾಲ್ಕು ಕೊಲೆ ಮಾಡಿದರಲ್ಲ, ಅವರೇ. ಹೆದರಬೇಡ, ಬಾಗಿಲು ತೆಗೆ.

ನೀನು ಇದನ್ನು ಓದುವಾಗ ನಾಲ್ಕೂವರೆ ಆಗಿರುತ್ತದೆ. ಕತ್ತರಿಸದ ಚಿತ್ರ ಕಳಿಸಲು ಎಂಟರವರೆಗೆ ಸಮಯವಿದೆ, ಸೆಕ್ರೆಟರಿಯ ನಂಬರು ಹಿಂದಿನ ಪುಟದಲ್ಲಿದೆ. ಸ್ಪರ್ಧೆ ಹೋಗುತ್ತದೆ, ಗೊತ್ತು. ಆ ಮೂವರ ಮುಂದೆ ನಾನು ಬಂದು ನಿಲ್ಲುತ್ತೇನೆ, ಎಷ್ಟು ಬೇಕಾದರೂ ಬೈಯಲಿ. ಆದರೆ ಫೋನಿಗೆ ಎಂಟರವರೆಗೆ ಸಮಯವಿಲ್ಲ. ಬಸ್ಸು ಐದೂ ಮುಕ್ಕಾಲಿಗೆ, ಅವರು ಐದೂ ಇಪ್ಪತ್ತಕ್ಕೆ ಹೊರಡುತ್ತಾರೆ. ನನ್ನ ಮಾತಿಗೆ ಅವರು ನಿಲ್ಲುವುದಿಲ್ಲ, ಚೀಲ ನೋಡಿದವಳ ಮಾತಿಗೆ ಯಾಕೆ ನಿಲ್ಲಬೇಕು? ನಿನ್ನ ಮಾತಿಗೆ ನಿಂತಾರು. ಅವರ ಮೊಣಕಾಲ ಮೇಲೆ ಗುಂಡ ಮಲಗಿದ್ದಾನೆ, ಅದಕ್ಕೇ ಇನ್ನೂ ಎದ್ದಿಲ್ಲ.

ವ್ಯಾನು ಬಂತು. ಫೋನನ್ನು ಅವರ ಪಕ್ಕದಲ್ಲೇ ಇಡುತ್ತೇನೆ, ಮೊದಲ ರಿಂಗಿಗೇ ಎತ್ತಿ ಅವರ ಕಿವಿಗೆ ಹಿಡಿಯುತ್ತೇನೆ. ಏನು ಹೇಳಬೇಕೆಂದು ಯೋಚಿಸುತ್ತ ಕೂರಬೇಡ. 'ಆಯಮ್ಮ, ನಾನು' ಎಂದರೆ ಸಾಕು, ಉಳಿದದ್ದು ಆಮೇಲೆ ಬರುತ್ತದೆ. ಫೋನ್ ಮಾಡೋ ತಮ್ಮಾ. ಬೆಳಕು ಹರಿಯುವುದಕ್ಕೆ ಮುಂಚೆ ಒಂದು ಫೋನ್ ಮಾಡು.

ಅಕ್ಕ